ಬಿಸಿಲುಮಚ್ಚು ಗಣಿಯೊಳಗೆ ಇಳಿದ ಕತೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದರು. ರಿಟೈರ್ ಆದ ಮೇಲೆ ಬೆಂಗಳೂರಿಗೆ ಬಂದು ಮನೆ ಕಟ್ಟಿಸಿದರು. ಈಗ ಆ ಮನೆ ಕೆಡವಿ ಫ್ಲ್ಯಾಟ್ ಮಾಡಿಸ್ತಿದ್ದೀವಿ. ಸಾಮಾನು ಖಾಲಿ ಮಾಡುವಾಗ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕಿನಲ್ಲಿ ಗಣಿ ಕೆಲಸದ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮೊದಲ ಪುಟಗಳನ್ನೆಲ್ಲ ಗೆದ್ದಲು ತಿಂದಿದೆ, ಹೆಸರೂ ಇಲ್ಲ. ಒಳಗೆ ಶಾಫ್ಟಿನ, ಅಂದರೆ ಗಣಿಗೆ ಇಳಿಯೋ ಬಾವಿಯ, ಒಂದು ಚಿತ್ರ ಇದೆ. ಏಣಿಗಳು ಒಂದರ ಕೆಳಗೊಂದು ಇವೆ, ಪ್ರತಿ ಏಣಿಯ ಬುಡದಲ್ಲಿ ಹಲಗೆ ಹಾಸಿದ್ದಾರೆ, ಆ ಹಲಗೆಗೆ ‘ಸಾಲರ್’ ಅಂತ ಗುರುತು ಹಾಕಿದ್ದಾರೆ. ಮಗಳ ದೊಡ್ಡ ಡಿಕ್ಷನರಿಯಲ್ಲಿ ನೋಡಿದರೆ ಆ ಪದಕ್ಕೆ ಮೊದಲ ಅರ್ಥವೇ ‘ಮನೆಯ ಮೇಲಿನ ಕೋಣೆ’ ಅಂತ ಇದೆ! ಭೂಮಿಯೊಳಗಿನ ಹಲಗೆಗೂ ಮನೆ ಮೇಲಿನ ಕೋಣೆಗೂ ಏನು ಸಂಬಂಧ? ಪ್ರಿಂಟ್ ಮಿಸ್ಟೇಕಾ?
– ಓದುಗರು, ಚಾಮರಾಜಪೇಟೆ

ಉತ್ತರ: ಪ್ರಿಂಟ್ ಮಿಸ್ಟೇಕ್ ಅಲ್ಲ ಮೇಡಂ. ಡಿಕ್ಷನರಿಯೂ ಸರಿ, ತಾತನ ಪುಸ್ತಕವೂ ಸರಿ. ಇನ್ನೊಂದು ತಮಾಷೆ ನೋಡಿ. ಆ ಪುಸ್ತಕವನ್ನು ನೀವು ಇಳಿಸಿದ್ದು ಅಟ್ಟದಿಂದ. ಅಂದರೆ ಇಷ್ಟು ವರ್ಷ ಅದು ಕೂತಿದ್ದೇ ಒಂದು ಸಾಲರ್ ಮೇಲೆ.

ಮೊದಲು ಪದ ಎಲ್ಲಿಂದ ಬಂತು ಅಂತ ನೋಡೋಣ. ಲ್ಯಾಟಿನ್ನಿನಲ್ಲಿ ‘ಸೋಲ್’ ಅಂದರೆ ಸೂರ್ಯ. ಸುಮ್ನೆ ಅರ್ಥ ಒಂದೇ ಅಂತಲ್ಲ, ನಮ್ಮ ‘ಸೂರ್ಯ’ನಿಗೂ ಆ ‘ಸೋಲ್’ಗೂ ಬೇರು ಒಂದೇ, ದೂರದ ದಾಯಾದಿಗಳು. ಆ ಸೋಲ್‌ನಿಂದ ರೋಮನ್ನರು ‘ಸೋಲಾರಿಯಂ’ ಅಂತ ಪದ ಮಾಡಿಕೊಂಡರು. ಬಿಸಿಲು ಬೀಳುವ ಜಾಗ, ಮನೆಯ ಮೇಲಿನ ಚಪ್ಪಟೆ ಮಾಳಿಗೆ ಅಂತ ಅರ್ಥ. ಇದಕ್ಕೆ ಕನ್ನಡದಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಒಂದು ಪದ ಇದೆ: ಬಿಸಿಲುಮಚ್ಚು. ಮಚ್ಚು ಅಂದ ತಕ್ಷಣ ಲಾಂಗು ಮಚ್ಚು ನೆನಪಾಗುವ ಹುಡುಗರಿಗೆ ಹೇಳಿಬಿಡ್ತೀನಿ, ಇದು ಬೇರೆ ಮಚ್ಚು. ಮಹಡಿ, ಮೇಲ್ಮಾಳಿಗೆ ಅನ್ನೋ ಅರ್ಥದ್ದು. ನಾನು ಚಿಕ್ಕವನಿದ್ದಾಗ ಬಸವನಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಈ ಪದವನ್ನೇ ಬಳಸುತ್ತಿದ್ದರು. ‘ಬಿಸಿಲುಮಚ್ಚಿನ ಮೇಲೆ ಸಂಡಿಗೆ ಇಟ್ಟಿದೀನಿ, ಕಾಗೆ ನೋಡ್ಕೊಳೋ’ ಅಂತ ಒಂದು ಕಪ್ಪು ಕೊಡೆ ಕೊಟ್ಟು ಮೇಲೆ ಕಳಿಸುತ್ತಿದ್ದರು. ಆಮೇಲೆ ‘ಟೆರೇಸ್’ ಬಂತು. ಸಂಡಿಗೆ ಅಂಗಡಿಯಿಂದ ಬಂತು. ಪದ ಎಲ್ಲಿಗೆ ಹೋಯಿತೋ.

ರೋಮನ್ನರು ನೆರಳು ನೋಡಿ ಹೊತ್ತು ತಿಳಿಯುವ ಗಡಿಯಾರಕ್ಕೂ ಇದೇ ಸೋಲಾರಿಯಂ ಪದ ಬಳಸುತ್ತಿದ್ದರು. ಅದಕ್ಕೆ ಸಂಬಂಧಪಟ್ಟ ಒಂದು ಕತೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಕ್ರಿಸ್ತಪೂರ್ವ 263ರಲ್ಲಿ ಸಿಸಿಲಿ ದ್ವೀಪದ ಊರೊಂದನ್ನು ಗೆದ್ದ ರೋಮನ್ನರು ಅಲ್ಲಿದ್ದ ನೆರಳು ಗಡಿಯಾರವನ್ನು ಕಿತ್ತು ತಂದು ತಮ್ಮ ಊರಿನ ಚೌಕದಲ್ಲಿ ನಿಲ್ಲಿಸಿದರು. ಅದರ ಗೆರೆಗಳು ಸಿಸಿಲಿಯ ಬಿಸಿಲಿನ ಲೆಕ್ಕಕ್ಕೆ ಕೊರೆದವು. ರೋಮ್ ಇನ್ನೂ ಉತ್ತರಕ್ಕಿದೆ. ಹಾಗಾಗಿ ಗಡಿಯಾರ ತಪ್ಪು ಹೊತ್ತು ತೋರಿಸುತ್ತಿತ್ತು. ಅದನ್ನೇ ನಂಬಿಕೊಂಡು 99 ವರ್ಷ ಊರು ನಡೆಯಿತಂತೆ! ನಮ್ಮ ಸಿಟಿ ಬಸ್ ಟೈಮ್‌ಟೇಬಲ್ ಬಗ್ಗೆ ಗೊಣಗೋರು ಸ್ವಲ್ಪ ಸಮಾಧಾನ ಮಾಡ್ಕೋಬಹುದು.

ಇರಲಿ. ಈ ಸೋಲಾರಿಯಂ ಯುರೋಪಿನ ಬೇರೆ ಬೇರೆ ಭಾಷೆಗಳಿಗೆ ಹೋಯಿತು. ಜರ್ಮನ್ನರಲ್ಲಿ ‘ಸೋಲರ್’, ಡಚ್ಚರಲ್ಲಿ ‘ಜೋಲ್ಡರ್’, ಇಂಗ್ಲಿಷಿನ ಹಳೇ ರೂಪದಲ್ಲಿ ‘ಸೊಲೊರ್’. ಇಲ್ಲಿ ಒಂದು ಸ್ವಾರಸ್ಯ ನಡೆಯಿತು. ರೋಮಿನಲ್ಲಿ ಮಾಳಿಗೆ ಮೇಲೆ ಬಿಸಿಲು ಕಾಯಿಸಬಹುದು. ಇಂಗ್ಲೆಂಡಿನಲ್ಲಿ ಎಲ್ಲಿಯ ಬಿಸಿಲು? ಸದಾ ಜಿಟಿಜಿಟಿ ಮಳೆ, ಇಳಿಜಾರು ಸೂರು. ಮೇಲೆ ಚಪ್ಪಟೆ ಮಾಳಿಗೆಯೇ ಇಲ್ಲ. ಸೂರಿನ ಕೆಳಗೆ ಒಂದು ಕೋಣೆ ಇದೆ, ಅಷ್ಟೆ. ಅದಕ್ಕೇ ಆ ಹೆಸರು ಅಂಟಿಕೊಂಡಿತು. ಪದದೊಳಗಿನ ಬಿಸಿಲು ಆರಿಹೋಯಿತು, ‘ಮೇಲೆ’ ಅನ್ನೋದು ಮಾತ್ರ ಉಳಿಯಿತು. ಡಚ್ಚರ ಜೋಲ್ಡರ್ ಅಂತೂ ಇವತ್ತಿಗೂ ಪಕ್ಕಾ ನಮ್ಮ ಅಟ್ಟವೇ, ಹಳೇ ಸಾಮಾನು ತುಂಬೋ ಜಾಗ. ಆಮ್‌ಸ್ಟರ್‌ಡ್ಯಾಮಿನ ಹಳೇ ಮನೆಗಳ ನೆತ್ತಿಯಲ್ಲಿ ಒಂದು ತೊಲೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಮೆಟ್ಟಿಲು ತೀರಾ ಇಕ್ಕಟ್ಟು, ಅದಕ್ಕೇ ಆ ತೊಲೆಗೆ ರಾಟೆ ಕಟ್ಟಿ ಹೊರಗಿನಿಂದಲೇ ಸಾಮಾನು ಎತ್ತಿ ಒಳಗೆ ಹಾಕುತ್ತಿದ್ದರು.

ಇಂಗ್ಲೆಂಡಿನ ಶ್ರೀಮಂತರ ಹಳೇ ಮನೆಗಳಲ್ಲಿ ಕೆಳಗೆ ಒಂದು ದೊಡ್ಡ ಹಾಲ್ ಇರುತ್ತಿತ್ತು. ಊಟ, ನ್ಯಾಯ, ಆಳುಕಾಳುಗಳ ಮಲಗುವಿಕೆ ಎಲ್ಲ ಅಲ್ಲೇ. ಮಧ್ಯದಲ್ಲಿ ಒಲೆ ಉರಿಯುತ್ತಿತ್ತು, ಹೊಗೆ ಬೇರೆ. ಆ ಗದ್ದಲ ಬೇಡ ಅಂದಾಗ ಯಜಮಾನರ ಕುಟುಂಬ ಮೇಲಿನ ಒಂದು ಕೋಣೆಗೆ ಹೋಗಿ ಕೂರುತ್ತಿತ್ತು. ಅದಕ್ಕೆ ಸೋಲರ್ ಅಂತ ಹೆಸರು. ಚರ್ಚಿನ ಗಂಟೆ ಗೋಪುರದಲ್ಲಿ ಗಂಟೆಗಳ ಹತ್ತಿರ ಹಲಗೆ ಹಾಸಿದ ಅಟ್ಟಕ್ಕೂ ಇದೇ ಹೆಸರಿತ್ತು. ಗಣಿಗೆ ಇಳಿಯೋ ದಾರಿ ಶುರುವಾಗೋದು ಈ ಗೋಪುರದಲ್ಲೇ ಅಂತ ನನ್ನ ಲೆಕ್ಕ. ಯಾಕಂದರೆ ಅಲ್ಲಿ ಕೋಣೆ ಅನ್ನೋಂಥದ್ದೇನೂ ಇಲ್ಲ. ಎತ್ತರದ ಒಂದು ಕೊಳವೆ, ಅದರೊಳಗೆ ಏಣಿ, ಏಣಿ ಮುಗಿದ ಕಡೆ ನಾಲ್ಕು ಹಲಗೆ. ಆ ಗೋಪುರವನ್ನು ಹಾಗೇ ತಲೆಕೆಳಗು ಮಾಡಿ ಭೂಮಿಗೆ ಚುಚ್ಚಿ. ಗಣಿಯ ಶಾಫ್ಟ್ ರೆಡಿ.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ. ತವರ, ತಾಮ್ರ ತೆಗೆಯೋದರಲ್ಲಿ ಪಳಗಿದ ಜನ. ಇಂಗ್ಲಿಷಿನವರು ಸೋಲರ್ ಪದವನ್ನು ಹೆಚ್ಚುಕಮ್ಮಿ ಮರೆತ ಮೇಲೂ ಇವರು ಅದನ್ನು ‘ಸಾಲರ್’ ಅಂತ ಗಣಿಯೊಳಗೆ ಇಟ್ಟುಕೊಂಡಿದ್ದರು. ಶಾಫ್ಟ್ ಅಂದರೆ ನೂರಾರು ಅಡಿ ಆಳದ ಬಾವಿ ಅಂತ ಇಟ್ಕೊಳ್ಳಿ. ಅಷ್ಟುದ್ದಕ್ಕೂ ಒಂದೇ ಏಣಿ ಹಾಕೋಕಾಗಲ್ಲ. ಹಾಕಿದರೂ ಮೇಲಿನವನ ಕಾಲು ಜಾರಿದರೆ ಕೆಳಗಿನವರೆಲ್ಲ ಒಟ್ಟಿಗೇ ಪಾತಾಳ ಸೇರಬೇಕು. ಅದಕ್ಕೆ ಏಣಿಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಬುಡದಲ್ಲಿ ಅಡ್ಡ ತೊಲೆ ಕೊಟ್ಟು ಹಲಗೆ ಬಡಿದು ಒಂದು ಕಟ್ಟೆ ಮಾಡುತ್ತಾರೆ. ಆ ಹಲಗೆಯ ಒಂದು ಮೂಲೆಯಲ್ಲಿ ಮನುಷ್ಯ ತೂರುವಷ್ಟು ಕಿಂಡಿ. ಆ ಕಿಂಡಿಯಿಂದ ಮುಂದಿನ ಏಣಿ ಶುರು. ಕಿಂಡಿಗಳು ಒಂದರ ನೇರಕ್ಕೆ ಒಂದು ಬರೋ ಹಾಗಿಲ್ಲ. ಒಂದು ಎಡಕ್ಕಿದ್ದರೆ ಅದರ ಕೆಳಗಿನದು ಬಲಕ್ಕೆ. ಆಗ ಬಿದ್ದವನು ಒಂದು ಏಣಿಯಷ್ಟು ಮಾತ್ರ ಬೀಳುತ್ತಾನೆ. ಮೇಲಿನಿಂದ ಉರುಳೋ ಕಲ್ಲು, ಕೈ ಜಾರಿದ ಸುತ್ತಿಗೆ ಕೂಡ ಅಲ್ಲೇ ನಿಲ್ಲುತ್ತದೆ. ಹತ್ತುವವನು ಎರಡು ನಿಮಿಷ ಕೂತು ಉಸಿರು ತಗೊಳ್ಳೋದೂ ಅಲ್ಲೇ. ಇದೇ ನಿಮ್ಮ ಸಾಲರ್.

ನೋಡಬೇಕು ಅಂದರೆ ಗಣಿಗೆ ಹೋಗಬೇಕಾಗಿಲ್ಲ ಮೇಡಂ. ಚಿಕ್ಕಪೇಟೆಯ ಹಳೇ ಸೀರೆ ಅಂಗಡಿಗೆ ಹೋಗಿ. ಗಾದಿ ಮೇಲೆ ಕೂತು ಕತ್ತೆತ್ತಿ ನೋಡಿದರೆ ಹಲಗೆಯ ಅಟ್ಟ, ಅದರಲ್ಲಿ ಒಂದು ಚೌಕದ ಕಿಂಡಿ, ಕಿಂಡಿಗೆ ಒರಗಿಸಿದ ಏಣಿ. ‘ಇನ್ನೊಂದು ಕಲರ್ ಬಿಡೋ’ ಅಂತ ಸಾಹುಕಾರರು ಕೂಗಿದರೆ ಕಿಂಡಿಯಿಂದ ಮೊದಲು ಒಂದು ತಲೆ ಕಾಣುತ್ತದೆ, ಆಮೇಲೆ ಸೀರೆ ಬೀಳುತ್ತದೆ. ಅಂಥ ಐವತ್ತು ಅಟ್ಟ ಒಂದರ ಕೆಳಗೊಂದು, ದೀಪ ಇಲ್ಲದೆ, ಗೋಡೆಯಿಂದ ನೀರು ತೊಟ್ಟಿಕ್ಕುತ್ತಾ ಇದ್ದರೆ ಹೇಗಿರುತ್ತೆ ಅಂತ ಊಹಿಸಿ. ಟೋಪಿಗೆ ಜೇಡಿಮಣ್ಣಿನ ಮುದ್ದೆಯಲ್ಲಿ ಅಂಟಿಸಿದ ಮೇಣದ ಬತ್ತಿಯೇ ಬೆಳಕು. ಆಳದ ಗಣಿಗಳಲ್ಲಿ ಕೆಲಸ ಮುಗಿಸಿ ಮೇಲೆ ಬರೋಕೇ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಹತ್ತುವ ಹೊತ್ತಿಗೆ ಸಂಬಳ ಇಲ್ಲ. ಎದೆ ಒಡೆದು ಸತ್ತವರೆಷ್ಟೋ.

ಈ ಹತ್ತೋ ಕಷ್ಟ ತಪ್ಪಿಸೋಕೆ ಅಂತ ಒಂದು ಯಂತ್ರ ಬಂತು. ಅದರ ಹೆಸರು ಮ್ಯಾನ್ ಎಂಜಿನ್. ಮೊದಲು ಜರ್ಮನಿಯ ಹಾರ್ಜ್ ಬೆಟ್ಟದ ಗಣಿಗಳಲ್ಲಿ ಶುರುವಾಗಿ, 1842ರಲ್ಲಿ ಕಾರ್ನ್‌ವಾಲಿನ ಟ್ರೆಸಾವಿಯನ್ ಗಣಿಗೆ ಬಂತು. ಕೇಳೋಕೆ ಸರಳ, ನೆನೆದರೆ ಎದೆ ಝಲ್ ಅನ್ನುತ್ತೆ. ಶಾಫ್ಟಿನ ಉದ್ದಕ್ಕೂ ಜೋಡಿಸಿದ ಒಂದು ದಪ್ಪ ಮರದ ದೂಲ. ಎಂಜಿನ್ ಅದನ್ನು 12 ಅಡಿ ಮೇಲೆ ಎತ್ತುತ್ತದೆ, 12 ಅಡಿ ಕೆಳಗೆ ಇಳಿಸುತ್ತದೆ. ದಿನವಿಡೀ ಇದೇ. ದೂಲಕ್ಕೆ 12 ಅಡಿಗೊಂದು ಕಾಲಿಡುವಷ್ಟು ಸಣ್ಣ ಮೆಟ್ಟು. ಶಾಫ್ಟಿನ ಗೋಡೆಯ ಕಡೆ 12 ಅಡಿಗೊಂದು ಅಲುಗಾಡದ ಸಾಲರ್. ನೀವು ದೂಲದ ಮೆಟ್ಟಿಗೆ ಕಾಲಿಡಿ, ಅದು ಮೇಲೆ ಒಯ್ಯುತ್ತೆ, ನಿಲ್ಲೋ ಕ್ಷಣದಲ್ಲಿ ಪಕ್ಕದ ಸಾಲರ್‌ಗೆ ದಾಟಿ. ದೂಲ ಕೆಳಗೆ ಹೋಗಿ ಮುಂದಿನ ಮೆಟ್ಟನ್ನು ನಿಮ್ಮ ಕಾಲ ಹತ್ತಿರ ತರುತ್ತೆ, ಅದಕ್ಕೆ ದಾಟಿ. ಹೀಗೆ ದಾಟುತ್ತಾ ದಾಟುತ್ತಾ ನೂರಾರು ಅಡಿ. ಚಲಿಸೋ ಬಿಎಂಟಿಸಿ ಬಸ್ಸಿನ ಮೆಟ್ಟಿಲಿಗೆ ಹಾರಿದ ಅನುಭವ ಇರೋರಿಗೆ ಸ್ವಲ್ಪ ಅಂದಾಜಾಗಬಹುದು. ಆದರೆ ಇಲ್ಲಿ ಕೆಳಗೆ ರಸ್ತೆ ಇಲ್ಲ.

1919ರ ಅಕ್ಟೋಬರ್ 20ರಂದು, ಸಮುದ್ರದ ಅಡಿಗೆ ಹೋಗಿದ್ದ ಲೆವಾಂಟ್ ಅನ್ನೋ ಗಣಿಯಲ್ಲಿ, ಶಿಫ್ಟ್ ಮುಗಿಸಿ ನೂರಕ್ಕೂ ಹೆಚ್ಚು ಜನ ಹೀಗೆ ಮೇಲೆ ಬರುತ್ತಿದ್ದರು. ದೂಲದ ನೆತ್ತಿಯಲ್ಲಿದ್ದ ಲೋಹದ ಜೋಡಣೆ ಮುರಿಯಿತು. ದೂಲ ಕುಸಿಯಿತು, ಕುಸಿಯುತ್ತಾ ಪಕ್ಕದ ಸಾಲರ್‌ಗಳನ್ನೂ ಕಿತ್ತುಕೊಂಡು ಹೋಯಿತು. 31 ಜನ ಸತ್ತರು. ‘ಅಟ್ಟ ಹತ್ತಿಸಿ ಏಣಿ ತೆಗೆದರು’ ಅಂತ ನಾವು ಮಾತಿಗೆ ಹೇಳ್ತೀವಿ. ಅವತ್ತು ಅಲ್ಲಿ ಏಣಿಯ ಜೊತೆ ಅಟ್ಟವೂ ಹೋಯಿತು. ಆ ಯಂತ್ರವನ್ನು ಮತ್ತೆ ಕಟ್ಟಲಿಲ್ಲ.

ಗಣಿಯಲ್ಲಿ ಸಾಲರ್‌ಗೆ ಇನ್ನೊಂದು ಕೆಲಸವೂ ಇತ್ತು, ನಿಮ್ಮ ಪುಸ್ತಕದ ಮುಂದಿನ ಪುಟಗಳಲ್ಲಿ ಸಿಕ್ಕರೂ ಸಿಗಬಹುದು. ಅಡ್ಡಡ್ಡ ಹೋಗುವ ಸುರಂಗದ ನೆಲದಿಂದ ಸ್ವಲ್ಪ ಮೇಲೆ ಉದ್ದಕ್ಕೂ ಹಲಗೆ ಹಾಸಿ, ಅದರ ಮೇಲೆ ಓಡಾಡೋದು. ಹಲಗೆ ಕೆಳಗಿನ ಸಂದಿಯಲ್ಲಿ ನೀರು ಹರಿದು ಹೋಗುತ್ತದೆ, ಅದೇ ಸಂದಿಯಲ್ಲಿ ಹೊರಗಿನ ತಣ್ಣನೆ ಗಾಳಿ ಒಳಗೆ ಬರುತ್ತದೆ. ಜನರ ಉಸಿರು, ಬತ್ತಿಯ ಹೊಗೆ ಸೇರಿ ಬಿಸಿಯಾದ ಗಾಳಿ ಮೇಲುಗಡೆಯಿಂದ ವಾಪಸ್ ಹೋಗುತ್ತದೆ. ಫ್ಯಾನಿಲ್ಲ, ಕರೆಂಟಿಲ್ಲ. ಬರೀ ಹಲಗೆ. ಅಲ್ಲಿ ‘ಮೇಲೆ’ ಅನ್ನೋ ಅರ್ಥವೂ ಬಿಟ್ಟುಹೋಗಿ ಪದಕ್ಕೆ ಹಲಗೆಯೊಂದೇ ಗತಿ ಆಯಿತು.

ಇಷ್ಟೆಲ್ಲ ಕೆಜಿಎಫ್‌ಗೂ ನಿಮ್ಮ ತಾತನ ಟ್ರಂಕಿಗೂ ಹೇಗೆ ಬಂತು ಅಂತೀರಾ? ಬೆಂಗಳೂರಿನ ಲ್ಯಾವೆಲ್ಲೆ ರೋಡ್ ಗೊತ್ತಲ್ವಾ? ಅಲ್ಲಿ ಕಾಫಿ ಕುಡಿಯೋ ಜಾಸ್ತಿ ಜನಕ್ಕೆ ಆ ಹೆಸರು ಯಾರದು ಅಂತ ಗೊತ್ತಿಲ್ಲ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಅಂತ ಒಬ್ಬ ಐರಿಷ್ ಸೈನಿಕ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ನಮ್ಮ ದಂಡು ಪ್ರದೇಶಕ್ಕೆ ಬಂದು ನೆಲೆಸಿದ್ದ. ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನ ಇದೆ ಅಂತ ಜಾನ್ ವಾರನ್ ಎಂಬ ಸೇನಾ ಅಧಿಕಾರಿ 1800ರ ಆಸುಪಾಸಿನಲ್ಲೇ ಬರೆದಿಟ್ಟಿದ್ದ. ಅದನ್ನು ಓದಿದ ಲ್ಯಾವೆಲ್ಲೆಗೆ ಹುಚ್ಚು ಹಿಡಿಯಿತು. 1875ರಲ್ಲಿ ಮೈಸೂರು ಸರ್ಕಾರದಿಂದ ಲೈಸೆನ್ಸ್ ಪಡೆದ. ದುಡ್ಡು ಸಾಲಲಿಲ್ಲ, ಕೈ ಬದಲಾಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲೆಂಡಿನ ಕಂಪನಿ ಬಂತು. ಅವರ ಜೊತೆ ಕಾರ್ನ್‌ವಾಲಿನವರು ಬಂದರು. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಕಾರ್ನ್‌ವಾಲಿನ ಗಣಿಗಳು ಮುಚ್ಚುತ್ತಾ ಹೋದಾಗ ಅಲ್ಲಿನ ಜನ ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾ ಅಂತ ಚದುರಿದ್ದರು. ಭೂಮಿಯಲ್ಲಿ ಎಲ್ಲಿ ತೂತು ಕಂಡರೂ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲಿನವನು ಇರ್ತಾನೆ ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಗಣಿಯ ಮೇಲ್ವಿಚಾರಕನಿಗೆ ‘ಕ್ಯಾಪ್ಟನ್’ ಅನ್ನೋದು ಅವರ ರೂಢಿ. ಸೈನ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಕಾಲದಲ್ಲಿ ಗಣಿ ಕೆಲಸದ ಇಂಗ್ಲಿಷ್ ಕೈಪಿಡಿಗಳಲ್ಲಿ ಅರ್ಧಕ್ಕರ್ಧ ಪದ ಇವರ ಬಾಯಿಂದ ಬಂದವು. ನಿಮ್ಮ ಪುಸ್ತಕದ ಸಾಲರ್ ಅಂಥದ್ದು.

ಕೆಜಿಎಫ್ ಏಣಿ ಹತ್ತಿಕೊಂಡು ಕೂರೋ ಊರಾಗಿ ಉಳಿಯಲಿಲ್ಲ ಬಿಡಿ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಬಂತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಚಿನ್ನ ಇದ್ದ ಕಡೆ ಮೊದಲು ದೀಪ! ಜನರನ್ನು ಇಳಿಸೋಕೆ ಲಿಫ್ಟಿನಂಥ ಕೇಜ್ ಇತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ತಣ್ಣಗಾಗಿಸಿದ ಗಾಳಿಯನ್ನು ಮೇಲಿನಿಂದ ಕಳಿಸಬೇಕಿತ್ತು. ಬಿಸಿಲೇ ಕಾಣದ ಕಡೆ ಬಿಸಿಲಿಗಿಂತ ಸೆಕೆ. ಅಷ್ಟೆಲ್ಲ ಮೆಷಿನ್ ಬಂದ ಮೇಲೂ ಗಣಿಯಲ್ಲಿ ಏಣಿ ದಾರಿ ಕೈಬಿಡೋ ಹಾಗಿಲ್ಲ. ಕೇಜ್ ಕೆಟ್ಟು ನಿಂತರೆ, ಕರೆಂಟ್ ಹೋದರೆ, ಕಾಲೇ ಗತಿ. ಅದಕ್ಕೇ ನಿಮ್ಮ ಪುಸ್ತಕದಲ್ಲಿ ಆ ಚಿತ್ರ. 2001ರ ಫೆಬ್ರವರಿ 28ಕ್ಕೆ ಕೋಲಾರದ ಗಣಿ ಮುಚ್ಚಿತು. ಈಗ ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿದೆ. ಕೆಲವು ವರ್ಷದ ಹಿಂದೆ ನಾನು ಬಂಗಾರಪೇಟೆ ಮೇಲೆ ಮಾರಿಕುಪ್ಪಂ ರೈಲಿನಲ್ಲಿ ಹೋಗಿದ್ದೆ. ರಾಟೆ ಹೊತ್ತ ಕಬ್ಬಿಣದ ಗೋಪುರಗಳನ್ನು ಬೇಲಿ ಆಚೆಯಿಂದ ನೋಡಿ, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬೂದು ಧೂಳು ಕಣ್ಣಿಗೆ ಹೊಡೆಸಿಕೊಂಡು, ಸಂಜೆ ರೈಲಿಗೆ ವಾಪಸ್ ಬಂದೆ. ಒಳಗೆ ಇಳಿಯೋ ಭಾಗ್ಯ ಇಲ್ಲ. ಧೈರ್ಯವೂ ಇಲ್ಲ ಅನ್ನಿ.

ಪ್ರಶ್ನೆ: ಇಂಗ್ಲಿಷಿನ ‘ಆಟಿಕ್’ ನಮ್ಮ ‘ಅಟ್ಟ’ದಿಂದ ಹೋಗಿದೆ ಅಂತ ನಮ್ಮ ಮನೆಯವರು ವಾದ ಮಾಡ್ತಾರೆ. ನಮ್ಮ ಅಟ್ಟವೇ ಆಟಿಕ್‌ನಿಂದ ಬಂದಿದ್ದು ಅಂತ ನಮ್ಮ ಭಾವ. ಯಾರು ಸರಿ?
– ಓದುಗರು, ಮಲ್ಲೇಶ್ವರ

ಉತ್ತರ: ಇಬ್ಬರೂ ತಪ್ಪು. ಹಾಗಾಗಿ ಮನೆಯಲ್ಲಿ ಶಾಂತಿ ಇರಲಿ.

ಆಟಿಕ್ ಬಂದಿರೋದು ಗ್ರೀಸಿನ ಆಟಿಕಾ ಅನ್ನೋ ಸೀಮೆಯ ಹೆಸರಿನಿಂದ. ಅಥೆನ್ಸ್ ಇರೋದು ಅಲ್ಲೇ. ಆ ಸೀಮೆಯ ಕಟ್ಟಡಗಳ ಶೈಲಿಯಲ್ಲಿ ಮುಂಭಾಗದ ದೊಡ್ಡ ಕಂಬಗಳ ಸಾಲಿನ ಮೇಲೆ ಒಂದು ಗಿಡ್ಡ ಸಾಲು ಕಟ್ಟೋದಕ್ಕೆ ಯುರೋಪಿನ ಕಟ್ಟಡದವರು ಆ ಹೆಸರಿಟ್ಟರು. ಆಮೇಲೆ ಆ ಗಿಡ್ಡ ಸಾಲಿನ ಹಿಂದಿರೋ ಕೋಣೆಗೆ ಹೆಸರಾಯಿತು. ನಮ್ಮ ಅಟ್ಟ ಅದಕ್ಕಿಂತ ಎಷ್ಟೋ ಹಳೆಯದು. ಸಂಸ್ಕೃತದಲ್ಲೂ ಅಟ್ಟ ಇದೆ, ಕೋಟೆಯ ಮೇಲಿನ ಕಾವಲು ಬುರುಜಿಗೆ ಅಟ್ಟಾಲಕ ಅಂತಾರೆ. ಕಿಟೆಲರು 1894ರಲ್ಲಿ ತಮ್ಮ ನಿಘಂಟು ಅಚ್ಚು ಹಾಕಿಸುವ ಹೊತ್ತಿಗೆ ಕನ್ನಡದ ಮನೆಗಳಲ್ಲಿ ಅಟ್ಟಕ್ಕೆ ತಲೆಮಾರುಗಳ ಹೊಗೆ ಹಿಡಿದಿತ್ತು.

ಹೊಗೆ ಅಂದೆ ನೋಡಿ, ಮಲೆನಾಡಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಅಡುಗೆ ಮನೆ ಒಲೆಯ ನೇರಕ್ಕೆ ಮೇಲೆ ಅಟ್ಟ ಇರುತ್ತದೆ. ಬಿತ್ತನೆ ಬೀಜ, ಸೌದೆ, ಹುಣಸೆಹಣ್ಣು ಎಲ್ಲ ಅಲ್ಲಿ. ಹೊಗೆ ತಾಗಿ ಹುಳ ಹತ್ತಲ್ಲ. ಹೊಲದಲ್ಲಿ ಹಂದಿ ಕಾಯೋಕೆ ನಾಲ್ಕು ಗೂಟದ ಮೇಲೆ ಕಟ್ಟೋದೂ ಅಟ್ಟಣೆಯೇ. ಒಂದು ಮನೆಯೊಳಗೆ, ಇನ್ನೊಂದು ಬಯಲಲ್ಲಿ. ಎರಡಕ್ಕೂ ಸಾಮಾನ್ಯ ಅಂದರೆ ನೆಲದಿಂದ ಮೇಲೆ ಹಾಸಿದ ಹಲಗೆ ಅಥವಾ ಬೊಂಬು. ಸಾಲರ್ ಹೋದ ದಾರಿಯೂ ಇದೇ ಅಲ್ವಾ?

ಇನ್ನು ‘ಲಾಫ್ಟ್’. ನಾವು ಬೆಂಗಳೂರಿನವರು ಈಗ ಬಾತ್‌ರೂಮ್ ಮೇಲಿನ ಗೂಡಿಗೆ ಹೇಳ್ತೀವಲ್ಲ, ಅದು. ಸ್ಕ್ಯಾಂಡಿನೇವಿಯಾದ ಹಳೇ ಭಾಷೆಯಲ್ಲಿ ಆಕಾಶ, ಗಾಳಿ ಅನ್ನೋ ಅರ್ಥದ ಪದ ಅದು. ಜರ್ಮನ್ನಿನಲ್ಲಿ ಇವತ್ತಿಗೂ ‘ಲುಫ್ಟ್’ ಅಂದರೆ ಗಾಳಿ. ಗಾಳಿಯೇ ಆಡದ ಜಾಗಕ್ಕೆ ಎಂಥಾ ಹೆಸರು!

ಒಂದು ಸಣ್ಣ ಎಚ್ಚರಿಕೆ. ‘ಅಟ್ಟಿಕ್ಕಿದವಳಿಗಿಂತ ಬೊಟ್ಟಿಟ್ಟವಳೇ ಮೇಲು’ ಗಾದೆಯ ಅಟ್ಟು ಬೇರೆ. ಅದು ಅಡುಗೆ ಮಾಡೋ ಅಡು, ಅಟ್ಟು. ಭಾವನವರು ಅದನ್ನೂ ವಾದಕ್ಕೆ ಎಳೆದಾರು.

ಪ್ರಶ್ನೆ: ಹಳೇ ಫೋಟೋಗಳಲ್ಲಿ ಇಂಗ್ಲಿಷ್ ದೊರೆಗಳು ಹಾಕೋ ‘ಸೋಲಾರ್ ಟೋಪಿ’ ಕೂಡ ಇದೇ ಸೂರ್ಯನದಾ?
– ಓದುಗರು, ರಾಜಾಜಿನಗರ

ಉತ್ತರ: ಅಲ್ಲ. ಅದು ಸೋಲಾ ಟೋಪಿ. ಶೋಲಾ ಅಂತ ಕೆರೆ ಜವುಗಿನಲ್ಲಿ ಬೆಳೆಯೋ ಒಂದು ಗಿಡ, ನಮ್ಮ ಬೆಂಡು ಅಂತಾರಲ್ಲ, ಆ ಜಾತಿ. ಅದರ ಹಗುರವಾದ ತಿರುಳಿನಿಂದ ಟೋಪಿ ಮಾಡುತ್ತಿದ್ದರು. ಬಿಸಿಲಿಗೆ ಹಾಕೋದರಿಂದ ಇಂಗ್ಲಿಷಿನವರೇ ಬಾಯಿ ತಪ್ಪಿ ‘ಸೋಲಾರ್’ ಮಾಡಿಕೊಂಡರು. ಬೆಂಡಿಗೆ ಸೂರ್ಯನ ಸಂಬಂಧ ಹಚ್ಚಿದ್ದು ಹೀಗೆ. ನಿಜವಾಗಿ ಸೂರ್ಯನ ಸಂಬಂಧಿಯಾದ ಸಾಲರ್ ಪಾಪ ಕತ್ತಲಲ್ಲಿ ಬಿದ್ದಿತ್ತು.

ಪ್ರಶ್ನೆ: ನಾನು ಗಣಿಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ಮಾಡ್ತಿದ್ದೀನಿ. ಶಾಫ್ಟಿನೊಳಗಿನ ಈ ಕಟ್ಟೆಗೆ ‘ವೇದಿಕೆ’ ಅಂತ ಬರೆದರೆ ಸಂಪಾದಕರು ನಕ್ಕರು. ಮತ್ತೇನು ಬರೆಯಲಿ?
– ಓದುಗರು, ಜಯನಗರ

ಉತ್ತರ: ನಗದೆ ಇನ್ನೇನು ಮಾಡ್ತಾರೆ ಸರ್? ವೇದಿಕೆ ಅಂದರೆ ಹಾರ, ಶಾಲು, ಸ್ವಾಗತ ಭಾಷಣ ಕಣ್ಣಿಗೆ ಬರುತ್ತೆ. ಮೈಕ್ ಟೆಸ್ಟಿಂಗ್ ಬೇರೆ.

ಮಹಡಿ ಆಗಲ್ಲ, ಅದು ಇಡೀ ಅಂತಸ್ತು. ಉಪ್ಪರಿಗೆ ಅಂದರೆ ರಾಜಕುಮಾರಿ ನಿಂತಿರಬೇಕು. ಮಾಳಿಗೆ ಅನ್ನೋದು ಊರಿಂದೂರಿಗೆ ಬದಲಾಗುತ್ತೆ, ಉತ್ತರ ಕರ್ನಾಟಕದಲ್ಲಿ ಮಣ್ಣಿನ ಚಪ್ಪಟೆ ಸೂರೇ ಮಾಳಿಗೆ. ಮೇಸ್ತ್ರಿಗಳು ಗೋಡೆಗೆ ಪ್ಲಾಸ್ಟರ್ ಮಾಡುವಾಗ ಕಟ್ಟಿಕೊಳ್ಳೋ ಸಾರುವೆ ಸ್ವಲ್ಪ ಹತ್ತಿರ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿಬಿಡುತ್ತಾರೆ, ಗಣಿಯದು ಬಿಚ್ಚೋದಲ್ಲ.

ನನ್ನ ಮತ ಅಟ್ಟಣೆಗೆ. ‘ಏಣಿಯಟ್ಟ’ ಅಂತ ಹೊಸದಾಗಿ ಕಟ್ಟಿದರೂ ತಪ್ಪಿಲ್ಲ, ಓದಿದವನಿಗೆ ತಕ್ಷಣ ಚಿತ್ರ ಬರುತ್ತೆ. ಸುರಂಗದ ನೆಲಕ್ಕೆ ಹಾಸೋದಕ್ಕೆ ಮಾತ್ರ ಅಟ್ಟಣೆ ಹಾಕಬೇಡಿ, ‘ಹಲಗೆ ಹಾಸು’ ಸಾಕು. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ ಇದೆ ಅಂತ ನಾವೂ ಒಂದರಲ್ಲೇ ಸುಧಾರಿಸಬೇಕಾಗಿಲ್ಲ. ಕಾರ್ಮಿಕರ ಮಾತು ಬರೋ ಕಡೆ ಶಾಫ್ಟ್, ಲೆವೆಲ್, ಕೇಜ್, ಶಿಫ್ಟ್ ಎಲ್ಲ ಹಾಗೇ ಇರಲಿ. ಅವನ್ನು ‘ಲಂಬಕೂಪ’ ಅಂತೆಲ್ಲ ಮಾಡಿದರೆ ಹಟ್ಟಿಯ ಚಿನ್ನದ ಗಣಿಯಲ್ಲಿ ಇವತ್ತು ಕೆಲಸ ಮಾಡೋರೇ ನಿಮ್ಮ ಲೇಖನ ಓದಿ ಇದು ಯಾವ ಊರಿನ ಗಣಿ ಅಂತ ಕೇಳ್ತಾರೆ.

ಮತ್ತೆ ಚಾಮರಾಜಪೇಟೆಯ ಮೇಡಂ: ಪತ್ರದ ಕೊನೆಯಲ್ಲಿ, ಗೆದ್ದಲು ತಿಂದ ಆ ಪುಸ್ತಕವನ್ನು ಟೆರೇಸ್ ಮೇಲೆ ಬಿಸಿಲಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ. ಬಿಸಿಲುಮಚ್ಚು ಸಂಡಿಗೆಗೆ ಸರಿ, ನೂರು ವರ್ಷದ ಕಾಗದಕ್ಕಲ್ಲ. ನೇರ ಬಿಸಿಲಿಗೆ ಕಾಗದ ಹಳದಿ ತಿರುಗಿ ಹಪ್ಪಳದ ಹಾಗೆ ಮುರಿಯುತ್ತೆ. ಮೆತ್ತನೆ ಬ್ರಶ್ಶಿನಿಂದ ಮಣ್ಣು ಒರೆಸಿ, ನೆರಳಲ್ಲಿ ಗಾಳಿಗೆ ಎರಡು ದಿನ ಬಿಡಿಸಿಡಿ. ಆಮೇಲೆ ಗೋಡೆಗೆ ತಾಗದ ಹಾಗೆ ಸ್ಟೀಲ್ ಬೀರುವಿನಲ್ಲಿ ಇಡಿ. ಆ ಶಾಫ್ಟಿನ ಚಿತ್ರದ ಫೋಟೋ ತೆಗೆದು ಕಳಿಸಿದರೆ ನೋಡೋ ಆಸೆ ನನಗೂ ಇದೆ. ಕಿಂಡಿಗಳು ಎಡ ಬಲ ಎಡ ಬಲ ಇವೆಯಾ ಅಂತ ನೋಡಬೇಕು.